ಗ್ರೂಪು ಮುಚ್ಚೋ ಮುಂಚೆ

ದಾವಣಗೆರೆ

ಪ್ರೀತಿಯ ಗೆಳೆಯಾ,

ಸುಳ್ಳು ಸುದ್ದಿ, ದ್ವೇಷದ ಪೋಸ್ಟುಗಳ ಕಾಟಕ್ಕೆ ಎಲೆಕ್ಷನ್ ಮುಗಿಯೋವರೆಗೂ ಏರಿಯಾ ವಾಟ್ಸಾಪ್ ಗ್ರೂಪು ಮುಚ್ಚಿಬಿಡ್ಲಾ ಅಂತ ಕೇಳಿದ್ಯಲ್ಲ, ಬೇಡ. ನಲ್ಲಿ ನೀರು ಯಾವಾಗ ಬಿಡ್ತಾರೆ, ಭದ್ರಾ ನಾಲೆಗೆ ನೀರು ಬಂತಾ ಅಂತ ಗೊತ್ತಾಗೋದೇ ಅಲ್ಲಿ. ಅದು ಹೋದರೆ ಜಾತಿಗೊಂದು, ಪಕ್ಷಕ್ಕೊಂದು ಗ್ರೂಪು ಹುಟ್ಟುತ್ತೆ. ಅಲ್ಲಿ ಸುಳ್ಳನ್ನ ಸುಳ್ಳು ಅನ್ನೋರೇ ಇರಲ್ಲ.

ಮೊದಲು ಇನ್ವೈಟ್ ಲಿಂಕ್ ರೀಸೆಟ್ ಮಾಡು. ಗುರುತಿಲ್ಲದ ನಂಬರುಗಳು ನುಸುಳೋದು ಹಳೇ ಲಿಂಕಿನಿಂದ. ಹೊಸಬರಿಗೆ ಅಡ್ಮಿನ್ ಒಪ್ಪಿಗೆ ಬೇಕು ಅನ್ನೋ ಸೆಟ್ಟಿಂಗ್ ಆನ್ ಮಾಡು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕೋ ಹಂಗೆ ಬೀಗ ಜಡಿ. ಇದನ್ನ ದಿನಾ ಕೈಯಾರೆ ಮಾಡಬೇಕು, ಅದಕ್ಕೇ ಅಡ್ಮಿನ್ ಮೂರು ಜನ ಇರಲಿ. ಮೂವರೂ ಒಂದೇ ಪಕ್ಷದ ಕಡೆಯವರಾದರೆ ಮಾತ್ರ ಕೆಟ್ಟಿತು.

ಎಲ್ಲರೂ ಎಡವೋದು ಮುಂದಿನದರಲ್ಲಿ: ಕೆಟ್ಟ ಪೋಸ್ಟ್ ಕಂಡ ತಕ್ಷಣ ಅಳಿಸಿಬಿಡ್ತಾರೆ. ಮೊದಲು ಸ್ಕ್ರೀನ್‌ಶಾಟ್ ತೆಗಿ. ತಾರೀಕು, ಸಮಯ, ಹಾಕಿದವನ ನಂಬರು ಮೂರೂ ಕಾಣಬೇಕು. 'ಸೋಡಾ ಅಂಗಡಿ ಅಣ್ಣ' ಅಂತ ನೀನು ಸೇವ್ ಮಾಡಿಕೊಂಡಿರೋ ಹೆಸರು ಪೊಲೀಸರಿಗೆ ಏನು ಹೇಳುತ್ತೆ? ಪ್ರೊಫೈಲ್ ತೆರೆದು ನಂಬರಿನದೂ ಒಂದು ತೆಗಿ. ಆಮೇಲೆ ಅಳಿಸು, ಹಾಕಿದವನಿಗೆ ಫೋನ್ ಮಾಡು. ಗ್ರೂಪಲ್ಲೇ ಬುದ್ಧಿ ಹೇಳೋಕೆ ಹೋಗಬೇಡ. ಇನ್ನೂರು ಜನರ ಎದುರು ತಪ್ಪಾಯ್ತು ಅನ್ನೋರು ಕಮ್ಮಿ. ಫೋನಲ್ಲಾದರೆ 'ಯಾರೋ ಕಳಿಸಿದ್ರು, ಹಾಕಿದೆ' ಅಂತ ಮೆತ್ತಗಾಗ್ತಾರೆ.

ವಿಡಿಯೋ ಬಂದರೆ ಎರಡು ಬಾಣದ ಗುರುತು ನೋಡು. ಅದಿದ್ದರೆ ವಿಡಿಯೋ ಕೈಯಿಂದ ಕೈಗೆ ಬಹಳ ಸಲ ದಾಟಿ ಬಂದದ್ದು, ಅದನ್ನ ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸೋಕೆ ಆಗುತ್ತೆ. ಆದರೆ ಗ್ಯಾಲರಿಗೆ ಇಳಿಸಿಕೊಂಡು ಮತ್ತೆ ಹಾಕಿದರೆ ಆ ಗುರುತು ಹೋಗುತ್ತೆ. ಹಳೇ ಸರಕು ಹೊಸದಾಗೋದು ಹಿಂಗೆ. ಆಗ ವಿಡಿಯೋ ನಿಲ್ಲಿಸಿ ಗಾಡಿ ನಂಬರ್ ಪ್ಲೇಟ್ ನೋಡು. 'ನಿನ್ನೆ ನಮ್ಮೂರಲ್ಲಿ ಗಲಾಟೆ' ಅಂತ ಬರೆದಿರುತ್ತೆ, ನಿಂತಿರೋ ಬೈಕುಗಳಲ್ಲಿ ಒಂದೂ ನಮ್ಮ ದಾವಣಗೆರೆಯ ಕೆಎ 17 ಇರಲ್ಲ, ಅಂಗಡಿ ಬೋರ್ಡು ಹಿಂದಿಯಲ್ಲಿರುತ್ತೆ. ಆ ದೃಶ್ಯದ ಸ್ಕ್ರೀನ್‌ಶಾಟನ್ನ ಚಿತ್ರ ಕೊಟ್ಟು ಹುಡುಕೋ ಗೂಗಲ್ ಲೆನ್ಸ್‌ಗೆ ಹಾಕಿದರೆ ಎಷ್ಟೋ ಸಲ ಮೂಲ ಸಿಗುತ್ತೆ.

ಚುನಾವಣಾ ಅಕ್ರಮದ ದೂರು ಕೊಡೋಕೆ ಚುನಾವಣಾ ಆಯೋಗ ಮಾಡಿರೋ ಸಿವಿಜಿಲ್ ಆ್ಯಪಿಗೆ ಇಂಥ ಫಾರ್ವರ್ಡ್ ಹಾಕೋಕೆ ಆಗಲ್ಲ. ಕಣ್ಣೆದುರು ನಡೆದದ್ದನ್ನ ಆ ಆ್ಯಪಲ್ಲೇ ಶೂಟ್ ಮಾಡಬೇಕು, ಗ್ಯಾಲರಿಯದ್ದು ನಡೆಯಲ್ಲ. ಗ್ರೂಪಲ್ಲಿ ಬಂದದ್ದಕ್ಕೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡು, ಇಲ್ಲಾ ಸ್ಕ್ರೀನ್‌ಶಾಟ್ ಹಿಡಿದು ಠಾಣೆಗೆ ಹೋಗು. ಚುನಾವಣೆ ನೆಪದಲ್ಲಿ ಜಾತಿ, ಧರ್ಮದ ಮೇಲೆ ದ್ವೇಷ ಎಬ್ಬಿಸಿದರೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 125ನೇ ಕಲಂನಡಿ 3 ವರ್ಷದವರೆಗೆ ಜೈಲು. ಯಾರೋ ಹಾಕಿದ್ದಕ್ಕೆ ಅಡ್ಮಿನ್ ಅನ್ನೋ ಒಂದೇ ಕಾರಣಕ್ಕೆ ನೀನು ಹೊಣೆ ಅಲ್ಲ, ಕೇರಳ ಹೈಕೋರ್ಟು 2022ರಲ್ಲೇ ಹಂಗೆ ಹೇಳಿದೆ. ನೀನೇ ಫಾರ್ವರ್ಡ್ ಮಾಡಿದರೆ ಆ ಮಾತು ಬೇರೆ.

ಲಿಂಕ್ ರೀಸೆಟ್ ಎಲ್ಲಿದೆ ಅಂತ ಸಿಗದಿದ್ದರೆ ರಾತ್ರಿ ಫೋನ್ ಮಾಡು, ಬೀಗ ಹಾಕೋ ಹೊತ್ತಿಗೆ ಮುಂಚೆ.

ಇಂತಿ ನಿನ್ನ
ಗೆಳೆಯ