ನಾಲ್ವರು ಆಡುವ ಗೇಮ್ ಫಲಕ

ಮಾನ್ಯ ಸಂಪಾದಕರೇ,

1985ರ ‘ಗಾಂಟ್ಲೆಟ್’ ಎಂಬ ವಿಡಿಯೊ ಆಟದ ಯಂತ್ರದ ಮುಂದೆ ನಾಲ್ವರು ಒಟ್ಟಿಗೆ ನಿಂತು ಆಡಬಹುದಿತ್ತು. ಅಂತಹ ಗುಂಡಿಗಳ ಫಲಕವನ್ನು ಮನೆಯಲ್ಲೇ ಕಟ್ಟಲು ಹೊರಟವರು ಗುಂಡಿಗಳಿಂದ ಹಳೆಯ ಕಂಪ್ಯೂಟರ್ ಕೀಬೋರ್ಡಿನ ಸರ್ಕ್ಯೂಟಿಗೆ ತಂತಿ ಬೆಸೆಯುವುದುಂಟು. ಆದರೆ ಅಗ್ಗದ ಕೀಬೋರ್ಡುಗಳಲ್ಲಿ ಕೀಲಿಗಳು ಅಡ್ಡ ಮತ್ತು ಉದ್ದ ಸಾಲುಗಳ ಜಾಲದಲ್ಲಿದ್ದು, ಪ್ರತಿ ಕೀಲಿಗೂ ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಹರಿಯಬಿಡುವ ಬಿಡಿಭಾಗ) ಇಲ್ಲದಿರುವುದರಿಂದ, ಹಲವರು ಏಕಕಾಲಕ್ಕೆ ಗುಂಡಿ ಒತ್ತಿದಾಗ ಕೆಲವು ದಾಖಲಾಗುವುದೇ ಇಲ್ಲ. ನನ್ನ ಮಕ್ಕಳ ಮೊದಲ ಫಲಕ ಹೀಗೆ ಸೋತಾಗ ಅವರ ಮುಖ ಬಾಡಿದ್ದನ್ನು ಮರೆಯಲಾರೆ. ಆಟಗಾರರಿಗೆ ಒಂದೊಂದರಂತೆ ಯುಎಸ್‌ಬಿ ಎನ್‌ಕೋಡರ್ (ಗುಂಡಿಯ ಒತ್ತುವಿಕೆಯನ್ನು ಕಂಪ್ಯೂಟರಿಗೆ ತಿಳಿಸುವ ಪುಟ್ಟ ಸರ್ಕ್ಯೂಟ್ ಹಲಗೆ) ಅಳವಡಿಸಿದರೆ, ಪ್ರತಿ ಗುಂಡಿಯ ತಂತಿಯೂ ಪ್ರತ್ಯೇಕ ಪಿನ್ನಿಗೆ ಹೋಗಿ, ಗ್ರೌಂಡ್ ತಂತಿ (ವಿದ್ಯುತ್ ಮರಳುವ ಸಾಮಾನ್ಯ ತಂತಿ) ಮಾತ್ರ ಹಂಚಿಕೆಯಾಗುತ್ತದೆ; ಹಾಗಾಗಿ ಒಂದು ಗುಂಡಿ ಇನ್ನೊಂದಕ್ಕೆ ಅಡ್ಡಿಯಾಗದು. ಪ್ಲೈವುಡ್ ಕೊರೆಯುವ ಮುನ್ನ, ನಾಲ್ವರ ಮೊಣಕೈ ತಾಗದಂತೆ ರಟ್ಟಿನ ಮೇಲೆ ಅಳತೆ ನೋಡಿಕೊಳ್ಳುವುದು ಅತ್ಯಗತ್ಯ. ಶಾಲಾ ವಿಜ್ಞಾನ ಪ್ರದರ್ಶನಗಳಲ್ಲಿ ಇಂತಹ ಮಾದರಿಗಳಿಗೂ ಅವಕಾಶ ನೀಡಬೇಕೆಂದು ವಿನಂತಿಸುತ್ತೇನೆ.

– ಒಬ್ಬ ಪೋಷಕ, ಹಾಸನ