ಪಾಯ ತೋಡುವ ಮುನ್ನ ಪಕ್ಕದ ಗೋಡೆ ನೋಡಿ

ಮಾನ್ಯ ಸಂಪಾದಕರೇ,

ಮೈಸೂರಿನ ಹೃದಯಭಾಗದಲ್ಲಿ ಬಹುಮಹಡಿ ಕಟ್ಟಡವೆಂದರೆ ಚರ್ಚೆಯೆಲ್ಲ ಎತ್ತರದ್ದೇ. ಹೆಚ್ಚಿನ ಅಪಾಯ ಇರುವುದು ನೆಲಮಾಳಿಗೆಯಲ್ಲಿ. ಎರಡು ಹಂತದ ಪಾರ್ಕಿಂಗ್‌ಗೆಂದು ಆರೇಳು ಮೀಟರ್ ಅಗೆದು ನೀರೆತ್ತಿದರೆ ಪಕ್ಕದ ಮಣ್ಣು ಕುಸಿಯುತ್ತದೆ. ಸುಣ್ಣದ ಗಾರೆಯ ಹಳೆಯ ಗೋಡೆಗೆ ಕಬ್ಬಿಣದ ಬಲವಿಲ್ಲ. ಕಮಾನಿನ ನೆತ್ತಿಯಲ್ಲಿ ಕೂದಲೆಳೆಯಂಥ ಬಿರುಕು ಮೂಡುತ್ತದೆ. ಅದಕ್ಕೆ ಸಿಮೆಂಟ್ ಮೆತ್ತುವುದಂತೂ ದೊಡ್ಡ ತಪ್ಪು, ತೇವ ಒಳಗೇ ಉಳಿದು ಗಾರೆ ಪುಡಿಯಾಗುತ್ತದೆ. ಇಂಥ ಗೋಡೆಗಳು ಎಷ್ಟು ಸೂಕ್ಷ್ಮವೆಂದು 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ, 2016ರಲ್ಲಿ ದೇವರಾಜ ಮಾರುಕಟ್ಟೆ ಭಾಗಶಃ ಕುಸಿದಾಗ ಊರೇ ಕಂಡಿದೆ.

ಪರವಾನಗಿಗೆ ಮುನ್ನ ಅಕ್ಕಪಕ್ಕದ ಬಿರುಕುಗಳ ಫೋಟೊ ದಾಖಲೆ, ಬಿರುಕು ಹಿಗ್ಗಿದರೆ ಒಡೆದು ತಿಳಿಸುವಂತೆ ಅದಕ್ಕೆ ಅಡ್ಡಲಾಗಿ ಅಂಟಿಸಿದ ಗಾಜಿನ ಪಟ್ಟಿ, ಬಡಿದಿಳಿಸುವ ಪೈಲ್ (ನೆಲದಾಳದ ಪಾಯದ ಕಂಬ) ಬದಲು ಕೊರೆದು ಹಾಕುವ ಪೈಲ್ ಕಡ್ಡಾಯವಾಗಲಿ. ಗಾಜು ಸೀಳಿದ ದಿನವೇ ಅಗೆತ ನಿಲ್ಲಬೇಕು.

– ಓದುಗರು, ಮೈಸೂರು