ಮೇಲಿನಿಂದ ಕಾಣುವುದು ನೆರಳು ಮರ

ಸೋಮವಾರಪೇಟೆ

ಚಿರಂಜೀವಿ ಸ್ಪಂದನಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಮ್ಮ ಕಾಫಿ ತೋಟಗಳ ಬರ, ರೋಗಗಳನ್ನು ಉಪಗ್ರಹ ಚಿತ್ರದಲ್ಲಿ ಓದಲು ಹೊರಟಿದ್ದೀಯ. ಒಳ್ಳೆಯ ಕೆಲಸ ಮಗಳೇ. ಆದರೆ ಮೇಲಿನಿಂದ ಕಾಣುವುದು ಹೆಚ್ಚಾಗಿ ನೆರಳು ಮರದ ತಲೆ, ಅಡಿಯಲ್ಲಿರುವ ಕಾಫಿ ಗಿಡವಲ್ಲ. ಮರ ಕಪಾತು ಮಾಡಿದ, ಅಂದರೆ ರೆಂಬೆ ಕಡಿದ ತೋಟ ಚಿತ್ರದಲ್ಲಿ ಒಮ್ಮೆಲೇ ಬಿಸಿಯಾಗುತ್ತದೆ, ಹಸಿರೂ ಇಳಿಯುತ್ತದೆ. ಅದನ್ನೇ ಬರವೆಂದೋ ಕಾಂಡಕೊರಕವೆಂದೋ ಬರೆದರೆ ಇಡೀ ನಕ್ಷೆ ಸುಳ್ಳಾಗುತ್ತದೆ. ಆದ್ದರಿಂದ ಕಪಾತು ಮಾಡಿದ, ಸ್ಪ್ರಿಂಕ್ಲರ್ ಹಾಕಿದ, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ತಾರೀಖುಗಳನ್ನು ತೋಟದವರನ್ನು ಕೇಳಿ ಮೊದಲೇ ಬರೆದುಕೋ.

ಉಷ್ಣ ಚಿತ್ರಕ್ಕೆ ಲ್ಯಾಂಡ್‌ಸ್ಯಾಟ್ 8 ಮತ್ತು 9 ಉಪಗ್ರಹಗಳ ಚಿತ್ರ ತೆಗೆದುಕೋ. ಎರಡೂ ಸೇರಿ 8 ದಿನಕ್ಕೊಮ್ಮೆ ಸಿಗುತ್ತವೆ. ಫೈಲಿನಲ್ಲಿ 30 ಮೀಟರ್ ಎಂದಿದ್ದರೂ ಉಷ್ಣದ ನಿಜವಾದ ಅಳತೆ 100 ಮೀಟರಿನದು. ಅಂದರೆ ಚಿತ್ರದ ಒಂದೊಂದು ಚುಕ್ಕಿಯಲ್ಲಿ, ಒಂದೊಂದು ಪಿಕ್ಸೆಲ್‌ನಲ್ಲಿ ಎರಡೂವರೆ ಎಕರೆಯಷ್ಟು ತೋಟ, ಸಿಮೆಂಟ್ ಕಣ, ಲೈನ್‌ಮನೆ ಎಲ್ಲ ಬೆರೆತಿರುತ್ತದೆ. ಹೊಳೆಯುವ ಶೀಟಿನ ಮಾಡು ಕೈ ಸುಡುವಷ್ಟು ಕಾದಿದ್ದರೂ ತಣ್ಣಗೆ ಕಾಣಬಹುದು. ಹೊಳಪು ಲೋಹ ಶಾಖವನ್ನು ಸೂಸುವುದೇ ಕಡಿಮೆ. ಅಂಥ ಪಿಕ್ಸೆಲ್ ಬಿಟ್ಟುಬಿಡು. ಎರಡನೇ ಹಂತದ (ಲೆವೆಲ್ 2) ಮೇಲ್ಮೈ ಉಷ್ಣತೆಯ ಫೈಲಾದರೆ ಪಿಕ್ಸೆಲ್ಲಿನ ಅಂಕಿಯನ್ನು 0.00341802ರಿಂದ ಗುಣಿಸಿ 149 ಕೂಡಿಸು, 273.15 ಕಳೆ. 44,000 ಇದ್ದರೆ ಸುಮಾರು 26 ಡಿಗ್ರಿ ಸೆಲ್ಸಿಯಸ್ ಬರಬೇಕು. ಸೊನ್ನೆ ಇದ್ದಲ್ಲಿ ದತ್ತಾಂಶವೇ ಇಲ್ಲ. ಬಂದದ್ದು ಎಲೆಯ ಮೈ ಬಿಸಿ, ಗಾಳಿಯದ್ದಲ್ಲ.

ನಮ್ಮ ಗುಡ್ಡಗಳದ್ದೇ ಇನ್ನೊಂದು ತೊಡಕು. ಉಪಗ್ರಹ ಬರುವುದು ಬೆಳಗ್ಗೆ 10ರಿಂದ 11ರ ನಡುವೆ. ಆಗ ಮೂಡಣ ಇಳಿಜಾರು ಕಾದಿರುತ್ತದೆ, ಪಡುವಣದ್ದು ತಂಪಾಗಿರುತ್ತದೆ. ಒಂದೇ ದಿಕ್ಕಿನ, ಹೆಚ್ಚುಕಡಿಮೆ ಒಂದೇ ಎತ್ತರದ ತೋಟಗಳನ್ನು ಮಾತ್ರ ಹೋಲಿಸು.

ಹೈಪರ್‌ಸ್ಪೆಕ್ಟ್ರಲ್‌ಗೆ, ಅಂದರೆ ಬೆಳಕನ್ನು ನೂರಾರು ಸಣ್ಣ ಪಟ್ಟಿಗಳಾಗಿ (ಬ್ಯಾಂಡ್) ಬಿಡಿಸಿ ತೆಗೆಯುವ ಚಿತ್ರಕ್ಕೆ, 2022ರಲ್ಲಿ ಹಾರಿದ ಜರ್ಮನಿಯ ಎನ್‌ಮ್ಯಾಪ್ ಉಪಗ್ರಹ ಇದೆ. 420ರಿಂದ 2450 ನ್ಯಾನೋಮೀಟರ್, 200ಕ್ಕೂ ಹೆಚ್ಚು ಬ್ಯಾಂಡ್. ಪಿಕ್ಸೆಲ್ ಸುಮಾರು 22 ಸೆಂಟು ಜಾಗ. 1400 ಮತ್ತು 1900 ನ್ಯಾನೋಮೀಟರ್ ಸುತ್ತಲಿನ ಬ್ಯಾಂಡ್‌ಗಳನ್ನು ತೆಗೆದುಹಾಕು, ಅಲ್ಲಿ ಗಾಳಿಯ ತೇವವೇ ಬೆಳಕನ್ನು ನುಂಗಿರುತ್ತದೆ. ಎಲೆಯ ಹರಿತ್ತಿಗೆ 680–750, ಎಲೆಯ ನೀರಿಗೆ 970 ಮತ್ತು 1200ರ ಆಸುಪಾಸು ನೋಡು.

ಬರ, ರೋಗ ಗುರುತಿಸಲು ಕಂಪ್ಯೂಟರಿಗೆ ಕಲಿಸಿದ ಮಾದರಿಯನ್ನು ಪರೀಕ್ಷಿಸುವಾಗ ಒಂದೇ ತೋಟದ ಪಿಕ್ಸೆಲ್‌ಗಳನ್ನು ಕಲಿಕೆಗೂ ಪರೀಕ್ಷೆಗೂ ಹಂಚಬೇಡ. ಅಕ್ಕಪಕ್ಕದವು ಒಂದನ್ನೊಂದು ಹೋಲುವುದರಿಂದ ನಿಖರತೆ ಉಬ್ಬಿ ತೋರುತ್ತದೆ. ಕೆಲವು ತೋಟಗಳನ್ನು ಪೂರ್ತಿಯಾಗಿ ಪರೀಕ್ಷೆಗೇ ಮೀಸಲಿಡು. ಅಂಕ ಕುಸಿದರೂ ಅದನ್ನೇ ಬರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಬಿಡುವುದು ಅಪರೂಪ. ಆ ತಿಂಗಳುಗಳನ್ನು ಊಹೆಯಿಂದ ತುಂಬಬೇಡ, ನಕ್ಷೆಯಲ್ಲಿ ಖಾಲಿಯೇ ಬಿಡು.

ಇತಿ,
ನಿನ್ನ ದೊಡ್ಡಪ್ಪ